ಮಳೆ ಪುಸ್ತಕದ ಷರಾ



ಮಳೆಗಾಲದಲ್ಲಿ ನಮ್ಮ ಕಡೆ ಇಬ್ಬರು ಬೆಳೆಗಾರರು ಎದುರಾದರೆ ಯೋಗಕ್ಷೇಮದ ಮಾತು ಆಮೇಲೆ. ಮೊದಲು ಬರುವುದು ಒಂದೇ ಪ್ರಶ್ನೆ: "ನಿಮ್ಮಲ್ಲಿ ನಿನ್ನೆ ಎಷ್ಟು ಬಂತು?" ಎದುರಿನವರು "ಎರಡು ನಲವತ್ತು" ಎನ್ನುತ್ತಾರೆ. ಹೊರಗಿನವರಿಗೆ ಇದು ಬಸ್ಸಿನ ಸಮಯ ಅನ್ನಿಸಬಹುದು. ಎರಡು ಇಂಚು ನಲವತ್ತು ಸೆಂಟ್ಸ್ ಮಳೆ ಎಂದು ಅದರ ಅರ್ಥ. ನೂರು ಸೆಂಟ್ಸಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಅರ್ಧ ಶತಮಾನ ದಾಟಿದರೂ ಕಾಫಿ ಸೀಮೆಯವರ ಬಾಯಿಂದ ಇಂಚು, ಸೆಂಟ್ಸು ಇಳಿದಿಲ್ಲ. ಬ್ರಿಟಿಷ್ ಪ್ಲಾಂಟರುಗಳು ಹೋದರು, ಅವರ ಅಳತೆಗೋಲು ಉಳಿಯಿತು.

ಬಿಡುವಿಲ್ಲದ ದುಡಿಮೆಯ ನಡುವೆ ಆತ್ಮಾವಲೋಕನ ಎಂಬ ವಿಷಯದ ಮೇಲೆ ಮಾತಾಡಿ ಎಂದು ಆಕಾಶವಾಣಿಯವರು ಕೇಳಿದಾಗ ನನಗೆ ನಗು ಬಂತು. ಇಂಥ ವಿಷಯ ಸ್ವಾಮಿಗಳಿಗೆ, ಇಲ್ಲವೇ ನಿವೃತ್ತರಾದ ಮೇಷ್ಟರಿಗೆ ಕೊಡುವಂಥದ್ದು. ನಾನು ಹತ್ತು ಎಕರೆ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿದ ಮೆಣಸು, ಕೆಳಗಿನ ಹಳ್ಳದಲ್ಲಿ ಸ್ವಲ್ಪ ಅಡಿಕೆ ಇಟ್ಟುಕೊಂಡವನು. ಜೀವನದಲ್ಲಿ ತಪ್ಪದೆ ದಿನಾ ಮಾಡುವ ಕೆಲಸ ಅಂತ ಹೇಳಿಕೊಳ್ಳುವುದಾದರೆ ಅದು ಮಳೆ ಅಳೆಯುವುದೊಂದೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ವಿಷಯಕ್ಕೆ ಬಂದು ಮುಟ್ಟೀತು ಎಂಬ ಧೈರ್ಯ ನನಗಿದೆ.

ಮಳೆಮಾಪಕ ನೋಡದವರಿಗಾಗಿ ಎರಡು ಮಾತು. ದೊಡ್ಡ ಯಂತ್ರವೇನಲ್ಲ. ನೆಲದಲ್ಲಿ ಊರಿ ನಿಲ್ಲಿಸಿದ ಒಂದು ಡಬ್ಬ, ಅದರ ಬಾಯಿಗೆ ಆಲಿಕೆ, ಒಳಗೊಂದು ಬಾಟಲಿ. ಪಕ್ಕದಲ್ಲಿ ಗೆರೆ ಹಾಕಿದ ಗಾಜಿನ ಅಳತೆ ಲೋಟ. ಬೆಳಿಗ್ಗೆ ಆಲಿಕೆ ಎತ್ತಿ, ಬಾಟಲಿಯ ನೀರನ್ನು ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ಓದಬೇಕು. ಓದಿದ ಮೇಲೆ ಚೆಲ್ಲಬೇಕು. ಹವಾಮಾನ ಇಲಾಖೆಯವರು ಎಂಟೂವರೆಗೆ ಓದುತ್ತಾರೆ. ನಮ್ಮಲ್ಲಿ ಆಳುಗಳ ಹಾಜರಿ ಮುಗಿದು, ಯಾರು ಯಾವ ಪಟ್ಟೆಗೆ ಎಂದು ತೋಟದ ಲೆಕ್ಕ ನೋಡುವ ರೈಟರು ಹೇಳಿ ಕಳಿಸಿದ ಕೂಡಲೇ ಅಳೆಯುವುದು. ಒಟ್ಟು ಐದು ನಿಮಿಷದ ಕೆಲಸ. ಅಪ್ಪಯ್ಯ ಅದನ್ನು ಅಂಗಳದ ಆಚೆ ಬಯಲಲ್ಲಿ ನಿಲ್ಲಿಸಿದ್ದರು. ಸೂರಿನ ಹತ್ತಿರ ಇಟ್ಟರೆ ಹಂಚಿನಿಂದ ಇಳಿದ ನೀರೂ ಲೆಕ್ಕಕ್ಕೆ ಬರುತ್ತದೆ, ಸಿಲ್ವರ್ ಮರದ ಕೆಳಗಿಟ್ಟರೆ ಬರಬೇಕಾದ ಮಳೆಯೂ ಬರುವುದಿಲ್ಲ. ಕೊಡೆ ಹಿಡಿದು ಅಷ್ಟು ದೂರ ಯಾಕೆ ನಡೆಯಬೇಕು ಎಂದು ನಾನು ಸಣ್ಣವನಿದ್ದಾಗ ಗೊಣಗುತ್ತಿದ್ದೆ.

ಒಂದು ಸಲ ಮನೆಯವರೆಲ್ಲ ಕಳಸಕ್ಕೆ ಮದುವೆಗೆ ಹೋಗಿ ಎರಡು ದಿನ ಉಳಿದೆವು. ಬಂದು ನೋಡಿದರೆ ಬಾಟಲಿಯಲ್ಲಿ ಮೂರು ಇಂಚು ಹತ್ತು ಸೆಂಟ್ಸ್. ಮೊದಲ ದಿನ ಎಷ್ಟು, ಎರಡನೇ ದಿನ ಎಷ್ಟು? ಅರ್ಧರ್ಧ ಬರೆದುಬಿಡಿ ಅಂದೆ. ಅಪ್ಪಯ್ಯ ನನ್ನ ಮುಖ ನೋಡಿದರು. ಪುಸ್ತಕದಲ್ಲಿ ಎರಡೂ ತಾರೀಕಿಗೆ ಸೇರಿಸಿ ಒಂದು ಕಂಸ ಎಳೆದು "ಎರಡು ದಿನ ಸೇರಿ" ಎಂದು ಬರೆದರು. ಒಂದೇ ಬಾಟಲಿಗೆ ಬಿದ್ದ ಎರಡು ದಿನದ ಮಳೆಯನ್ನು ಆಮೇಲೆ ಯಾರಿಂದಲೂ ಬೇರೆ ಮಾಡಲಿಕ್ಕಾಗುವುದಿಲ್ಲ.

ಮನಸ್ಸಿನ ವಿಷಯದಲ್ಲಿ ನಾವು ಹೆಚ್ಚಿನವರು ಎರಡು ದಿನವಲ್ಲ, ಇಪ್ಪತ್ತು ವರ್ಷ ಸೇರಿಸಿ ಬಾಟಲಿ ತುಂಬಿಸಿಕೊಂಡವರು. ಹೆಂಡತಿಯ ಮೇಲೆ ರೇಗುತ್ತೇವೆ. ಅದು ಬ್ಯಾಂಕಿನವರು ಅಂದ ಮಾತಿನ ಸಿಟ್ಟೋ, ಕಾಂಡಕೊರಕ ತಿಂದ ಗಿಡ ಕೀಳುವಾಗಿನ ಸಂಕಟವೋ, ಬೆಳಿಗ್ಗೆ ಮಗಳು ಫೋನು ತೆಗೆಯದ ಬೇಸರವೋ ನಮಗೇ ಗೊತ್ತಿರುವುದಿಲ್ಲ. ಎಲ್ಲ ಒಂದೇ ನೀರಾಗಿರುತ್ತದೆ.

ಪುರುಸೊತ್ತಾದಾಗ ಕೂತು ಯೋಚಿಸೋಣ ಅಂದುಕೊಳ್ಳುವುದು ಸುಲಭ. ಕಾಫಿ ತೋಟದವರಿಗೆ ಆ ಪುರುಸೊತ್ತು ಯಾವಾಗ ಬರುತ್ತದೆ ನೋಡಿ. ನವೆಂಬರ್ ಬಂತೆಂದರೆ ಅರೇಬಿಕಾ ಹಣ್ಣು ಕೊಯ್ಲು, ಪಲ್ಪರು, ಕಣ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುತ್ತದೆ. ಅದರ ಜೊತೆಗೇ ಮೆಣಸು. ಆಮೇಲೆ ಹೂಮಳೆಗೆ ಆಕಾಶ ನೋಡುವುದು. ಮಳೆ ಕೈ ಕೊಟ್ಟರೆ ಜೆಟ್ ಕಟ್ಟಿ ನೀರು ಹಾರಿಸಬೇಕು, ಕೆರೆ ಇಲ್ಲದವನು ದೇವರನ್ನು ನಂಬಬೇಕು. ಹೂವಾದ ಮೇಲೆ ಅದು ನಿಲ್ಲಲು ಇನ್ನೊಂದು ಮಳೆ ಬೇಕು. ಅಷ್ಟರಲ್ಲಿ ಮರಗಸಿ, ಕಪಾತು, ಮುಂಗಾರಿಗೆ ಮುಂಚೆ ಮೈಲುತುತ್ತದ ಔಷಧಿ. ಆರಿದ್ರಾ, ಪುನರ್ವಸು ಹೊಡೆಯುವಾಗ ಎಲ್ಲೂ ಹೋಗಲಾರದೆ ಒಲೆಯ ಮುಂದೆ ಕೂತರೆ ಕರೆಂಟಿಲ್ಲ, ಮುರಿದು ಬಿದ್ದ ಮರದ ಚಿಂತೆ. ಮಳೆ ಬಿಟ್ಟರೆ ಗೊಬ್ಬರ, ಕಳೆ, ಚಿಗುರು. ಮತ್ತೆ ನವೆಂಬರ್. ಈ ಚಕ್ರದಲ್ಲಿ ಆತ್ಮಾವಲೋಕನಕ್ಕೆ ಅಂತ ಒಂದು ತಿಂಗಳು ಯಾರೂ ಮೀಸಲಿಟ್ಟಿಲ್ಲ. ಆದರೂ ಇಷ್ಟೆಲ್ಲದರ ಮಧ್ಯೆ ಮಳೆ ಅಳೆಯಲು ಪುರುಸೊತ್ತಿಲ್ಲ ಎಂದ ಬೆಳೆಗಾರನನ್ನು ನಾನು ನೋಡಿಲ್ಲ.

ಆ ಐದು ನಿಮಿಷದಲ್ಲೇ ನನ್ನನ್ನೂ ನೋಡಿಕೊಳ್ಳಬಹುದು ಎಂದು ನನಗೆ ಹೊಳೆದದ್ದು ತಡವಾಗಿ. ಅಪ್ಪಯ್ಯ ತೀರಿಕೊಂಡ ಮೇಲೆ ಮಳೆ ಪುಸ್ತಕ ನನ್ನ ಕೈಗೆ ಬಂತು. ಉದ್ದನೆಯ ಲೆಕ್ಕದ ಪುಸ್ತಕ. ತಾರೀಕು, ಮಳೆ, ಆ ದಿನದ ಕೆಲಸ, ಕೊನೆಗೆ ಅಗಲವಾದ ಒಂದು ಕಾಲಂ. ಅದರ ತಲೆಯ ಮೇಲೆ ಹಳೇ ಕಚೇರಿಗಳ ಭಾಷೆಯಲ್ಲಿ "ಷರಾ" ಎಂದು ಬರೆದಿತ್ತು, ಅಂದರೆ ಟಿಪ್ಪಣಿ. ಷರಾ ಕಾಲಂ ಹೆಚ್ಚಾಗಿ ಖಾಲಿ. ಒಂದು ದಿನ ಬಟವಾಡೆಯ ಹೊತ್ತಿಗೆ ಲೆಕ್ಕ ತಪ್ಪಿದ್ದಕ್ಕೆ ಒಬ್ಬ ಹುಡುಗನ ಮೇಲೆ ಕೂಗಾಡಿದ್ದೆ. ರಾತ್ರಿ ನಿದ್ದೆ ಸರಿಬರಲಿಲ್ಲ. ಬೆಳಿಗ್ಗೆ ಮಳೆ ಬರೆಯುವಾಗ ಕೈ ತಾನಾಗಿ ಷರಾ ಕಾಲಮಿಗೆ ಹೋಯಿತು. "ರೇಗಿದೆ" ಎಂದು ಬರೆದೆ. ಅಷ್ಟೇ. ಯಾಕೆ, ಯಾರ ತಪ್ಪು, ಇನ್ನು ಮುಂದೆ ಹೀಗೆ ಮಾಡಬಾರದು ಎಂದೆಲ್ಲ ಬರೆಯಲಿಲ್ಲ. ಬರೆಯಲು ಜಾಗವೂ ಇರಲಿಲ್ಲ ಅನ್ನಿ.

ಹೀಗೆ ದಿನಕ್ಕೆ ಒಂದು ಮಾತು, ಎರಡು ಮಾತು. "ನೆಮ್ಮದಿ." "ಅಣ್ಣನ ಪತ್ರಕ್ಕೆ ಉತ್ತರಿಸಲಿಲ್ಲ." "ಸುಳ್ಳು ಹೇಳಿದೆ, ಬೇಕಿರಲಿಲ್ಲ." "ಏನೂ ಇಲ್ಲ." ಈ "ಏನೂ ಇಲ್ಲ" ಎಂಬುದನ್ನು ಬಿಡದೆ ಬರೆದೆ, ಯಾಕೆಂದರೆ ಮಳೆ ಬಾರದ ದಿನ ಅಪ್ಪಯ್ಯ ಜಾಗ ಖಾಲಿ ಬಿಡುತ್ತಿರಲಿಲ್ಲ, ಸೊನ್ನೆ ಹಾಕುತ್ತಿದ್ದರು. ಖಾಲಿ ಇದ್ದರೆ ಅಳೆಯಲಿಲ್ಲ ಎಂದು ಅರ್ಥ. ಸೊನ್ನೆ ಇದ್ದರೆ ಅಳೆದು ನೋಡಿದೆ, ಬಂದಿಲ್ಲ ಎಂದು ಅರ್ಥ. ಎರಡಕ್ಕೂ ಬಹಳ ವ್ಯತ್ಯಾಸ.

ವರ್ಷದ ಕೊನೆಗೆ ಮಳೆ ಕೂಡಿಸುವ ಪದ್ಧತಿ ಇದೆಯಲ್ಲ, ಹಾಗೇ ಕುತೂಹಲಕ್ಕೆ ಷರಾ ಕೂಡಿಸಿದೆ. "ರೇಗಿದೆ" ಎಂಬುದು ಹದಿನೇಳು ಸಲ ಇತ್ತು. ಅದರಲ್ಲಿ ಹನ್ನೊಂದು ಬಟವಾಡೆಯ ದಿನ. ನನ್ನ ಸಿಟ್ಟು ವಂಶದಿಂದ ಬಂದದ್ದು, ನಮ್ಮಜ್ಜ ಹೀಗೇ ಇದ್ದರು, ಅದು ರಕ್ತದಲ್ಲಿದೆ ಎಂದು ಒಂಥರಾ ಹೆಮ್ಮೆಯಿಂದಲೇ ನಂಬಿಕೊಂಡಿದ್ದೆ. ಪುಸ್ತಕ ಹೇಳಿದ್ದೇ ಬೇರೆ. ಬಟವಾಡೆಯ ದಿನ ನಾನು ಬೆಳಿಗ್ಗೆಯೇ ಪೇಟೆಗೆ ಹೋಗಿ ದುಡ್ಡು ತಂದು, ಚಿಲ್ಲರೆ ಹೊಂದಿಸಿ, ಮನೆಗೆ ಬರುವಾಗ ಮೂರು ಗಂಟೆ. ಊಟ ಮಾಡದೆ ಲೆಕ್ಕಕ್ಕೆ ಕೂರುತ್ತಿದ್ದೆ. ವಂಶದ ರಕ್ತವೂ ಅಲ್ಲ, ಪೂರ್ವಜನ್ಮದ ಕರ್ಮವೂ ಅಲ್ಲ, ಬರೀ ಹಸಿವು. ಮುಂದಿನ ವರ್ಷದಿಂದ ಲೆಕ್ಕವನ್ನು ಹಿಂದಿನ ಸಂಜೆಯೇ ರೈಟರ ಜೊತೆ ಕೂತು ಮುಗಿಸತೊಡಗಿದೆ. ಬಟವಾಡೆಗೆ ಮುಂಚೆ ಅನ್ನ ಸಾರು. ಆ ವರ್ಷ "ರೇಗಿದೆ" ನಾಲ್ಕಕ್ಕೆ ಇಳಿಯಿತು. ಹೆಂಡತಿಗೆ ಹೇಳಿದರೆ, "ಇದನ್ನ ಕಂಡುಹಿಡಿಯೋಕೆ ಒಂದು ವರ್ಷ ಬರೀಬೇಕಿತ್ತಾ? ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ" ಅಂದಳು.

ನಿಜ ಹೇಳಬೇಕೆಂದರೆ, ಕಾರಣ ಇಷ್ಟು ಸಣ್ಣದೇ ಎಂದು ನನಗೆ ಸ್ವಲ್ಪ ನಿರಾಸೆಯೇ ಆಗಿತ್ತು. ನಮ್ಮ ಊರಿಗೆ ಬರುವವರ ಮುಖದಲ್ಲಿ ಅದೇ ನಿರಾಸೆ ನೋಡಿದ್ದೇನೆ. ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿ, ನಮ್ಮ ಜಾವಳಿಯ ಹತ್ತಿರ ಹೇಮಾವತಿ ಹುಟ್ಟುತ್ತಾಳೆ. ಹಾಸನದ ಕಡೆಯವರು ಗೊರೂರಿನ ಅಣೆಕಟ್ಟೆಯ ಹಿಂದೆ ಸಮುದ್ರದಂತೆ ನಿಂತ ನೀರು ನೋಡಿ ಬೆಳೆದವರು. 245 ಕಿಲೋಮೀಟರು ಹರಿದು ಕಾವೇರಿ ಸೇರುವ ಹೊಳೆಯ ಹುಟ್ಟು ನೋಡೋಣ ಎಂದು ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ. ಬಂದು, ಅಲ್ಲಿರುವ ಸಣ್ಣ ಕೊಳ ನೋಡಿ, "ಇಷ್ಟೇನಾ?" ಅನ್ನುತ್ತಾರೆ. ಇಷ್ಟೇ. ಹುಟ್ಟುವಾಗ ಎಲ್ಲವೂ ಅಷ್ಟೇ ಇರುತ್ತದೆ, ಮನುಷ್ಯನ ಸಿಟ್ಟು ಸಹ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆಗೆ ಬಂದರೂ ಲ್ಯಾಪ್‌ಟಾಪ್ ಹಿಡಿದು, ನೆಟ್‌ವರ್ಕ್ ಸಿಗುವ ರಸ್ತೆಯ ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡು ಮೀಟಿಂಗ್ ಮಾಡುವ ಪೈಕಿ. ನನ್ನ ಷರಾ ಪುರಾಣ ಕೇಳಿ ಅವನು, "ಮಾವ, ಇದು ನಮ್ಮ ಆಫೀಸಲ್ಲಿ ಎರಡು ವಾರಕ್ಕೊಮ್ಮೆ ಇದೆ, ರೆಟ್ರೊ ಅಂತೀವಿ" ಅಂದ. ತಂಡದವರೆಲ್ಲ ಕೂತು ಏನು ಚೆನ್ನಾಗಿ ಆಯಿತು, ಏನು ಕೆಟ್ಟಿತು, ಮುಂದಿನ ಎರಡು ವಾರ ಯಾವುದನ್ನು ಬದಲಾಯಿಸೋಣ ಎಂದು ಮಾತಾಡುತ್ತಾರಂತೆ. ಒಬ್ಬರನ್ನು ದೂರುವಂತಿಲ್ಲ ಎಂಬುದು ನಿಯಮವಂತೆ. ಕೇಳಿ ಖುಷಿಯಾಯಿತು. "ಸಾಫ್ಟ್‌ವೇರಿಗೆ ಮಾಡ್ತೀಯ. ನಿನಗೆ?" ಅಂದೆ. ಅವನು ಫೋನು ನೋಡತೊಡಗಿದ.

ಅವನೇ ಆಮೇಲೆ ಒಂದು ಅಧ್ಯಯನದ ವಿಷಯ ಹೇಳಿದ. ಬೆಂಗಳೂರಿನ ವಿಪ್ರೊ ಕಂಪನಿಯಲ್ಲಿ ಹೊಸದಾಗಿ ತರಬೇತಿಗೆ ಸೇರಿದವರ ಮೇಲೆ ಮಾಡಿದ್ದು. 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದ ಹೊರಬಂತು. ದಿನದ ಕೊನೆಯ ಹದಿನೈದು ನಿಮಿಷ ಒಂದು ಗುಂಪಿನವರು ಕೆಲಸ ನಿಲ್ಲಿಸಿ, ಅಂದು ಕಲಿತದ್ದನ್ನು ಬರೆಯುತ್ತಿದ್ದರು. ಇನ್ನೊಂದು ಗುಂಪಿನವರು ಆ ಹದಿನೈದು ನಿಮಿಷವೂ ಕೆಲಸ ಮಾಡುತ್ತಿದ್ದರು. ಕೊನೆಯ ಪರೀಕ್ಷೆಯಲ್ಲಿ ಬರೆದವರು ಸುಮಾರು ಶೇಕಡ 23ರಷ್ಟು ಮುಂದಿದ್ದರಂತೆ. ಆ ಲೇಖಕರಲ್ಲಿ ಒಬ್ಬರ ಬೇರೆ ಸಂಶೋಧನೆಗಳ ಮೇಲೆ ಆಮೇಲೆ ದೊಡ್ಡ ಪ್ರಶ್ನೆಗಳೆದ್ದವು. ಹಾಗಾಗಿ ಆ 23ನ್ನು ನಾನು ತಾಯತದಂತೆ ಕಟ್ಟಿಕೊಂಡಿಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಅಂಕಿಯಲ್ಲ. ಬರೆಯುವ ಹದಿನೈದು ನಿಮಿಷವನ್ನು ಕೆಲಸದ ಹೊತ್ತಿನಿಂದಲೇ ಕತ್ತರಿಸಿ ಕೊಟ್ಟಿದ್ದರು ಎಂಬುದು. ಮನೆಗೆ ಹೋಗಿ ಬರೆದುಕೊಂಡು ಬನ್ನಿ ಅಂದಿದ್ದರೆ ಒಬ್ಬನೂ ಬರೆಯುತ್ತಿರಲಿಲ್ಲ.

ಸುಮ್ಮನೆ ಕೂತವನನ್ನು ನಮ್ಮ ಊರು ಸಹಿಸುವುದಿಲ್ಲ. ಜಗಲಿಯಲ್ಲಿ ಅರ್ಧ ಗಂಟೆ ಏನೂ ಮಾಡದೆ ಕೂತು ನೋಡಿ. ಹುಷಾರಿಲ್ವಾ ಎಂದು ಮೂರು ಜನ ಕೇಳುತ್ತಾರೆ, ನಾಲ್ಕನೆಯವರು ಸಾಲ ಆಗಿದೆಯಂತೆ ಎಂದು ಸುದ್ದಿ ಮಾಡುತ್ತಾರೆ. ಕೂರುವುದಕ್ಕೂ ಕೈಯಲ್ಲೊಂದು ನೆಪ ಬೇಕು. ಮೂಡಿಗೆರೆಯ ನಮ್ಮ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳ ಇತ್ತು. ತೋಟ ಮಾಡಿಕೊಂಡು, ಬರೆದುಕೊಂಡು, ಹಕ್ಕಿಗಳ ಫೋಟೋ ತೆಗೆದುಕೊಂಡು ಇದ್ದ ಅವರು ಹೊಳೆದಂಡೆಯಲ್ಲಿ ಗಾಳ ಹಾಕಿ ಕೂರುವ ಗೀಳಿನವರು. ಗಾಳ ಹಿಡಿದು ಎರಡು ಗಂಟೆ ನೀರು ನೋಡುತ್ತಾ ಕೂತವನನ್ನು ಯಾರೂ ಸೋಮಾರಿ ಅನ್ನುವುದಿಲ್ಲ, ಮೀನು ಹಿಡಿಯುತ್ತಿದ್ದಾನೆ ಅನ್ನುತ್ತಾರೆ. ಮೀನು ಸಿಕ್ಕಿತೋ ಬಿಟ್ಟಿತೋ, ಆ ಹೊತ್ತು ಅವನದು. ನನ್ನ ಮಳೆಮಾಪಕವೂ ಅಂಥದ್ದೇ ನೆಪ ಅಂದುಕೊಳ್ಳಿ.

ನೆಪವನ್ನು ವ್ರತವೇ ಮಾಡಿದವರು ನಮ್ಮ ನೆರೆಯಲ್ಲೇ ಇದ್ದಾರೆ. ಕಳಸ ಒಂದು ಕಾಲಕ್ಕೆ ಜೈನ ಅರಸರಾದ ಭೈರರಸರ ನೆಲೆ. 1432ರಲ್ಲಿ ಕಾರ್ಕಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ ಅದೇ ಮನೆತನದವನು. ಜೈನರಲ್ಲಿ ಪ್ರತಿಕ್ರಮಣ ಎಂಬ ಕ್ರಿಯೆ ಇದೆ. ತಿಳಿದೋ ತಿಳಿಯದೆಯೋ ಆದ ತಪ್ಪುಗಳನ್ನು ನೆನೆದು, ಅದರಿಂದ ಹಿಂದಕ್ಕೆ ಬರುವುದು. ಅದನ್ನು ಅವರು ಮನಸ್ಸು ಬಂದಾಗ ಮಾಡುವ ಕೆಲಸವಾಗಿ ಬಿಡಲಿಲ್ಲ. ಹಗಲಿನ ತಪ್ಪಿಗೆ ಸಂಜೆ, ರಾತ್ರಿಯದಕ್ಕೆ ಬೆಳಿಗ್ಗೆ. ಆಮೇಲೆ ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ. ಅಂದರೆ ದಿನದ ಮಳೆ, ತಿಂಗಳ ಮೊತ್ತ, ವರ್ಷದ ಮೊತ್ತ ಇದ್ದ ಹಾಗೆ. ಸಾವಿರಾರು ವರ್ಷ ಹಿಂದಿನವರಿಗೆ ಮನುಷ್ಯ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಹೊತ್ತು ಗೊತ್ತು ಮಾಡದಿದ್ದರೆ ಇವನು ಮಾಡುವುದಿಲ್ಲ ಎಂದು.

ಬರೆದದ್ದನ್ನು ಅಳಿಸುವ ದಾರಿಯಲ್ಲಿ ಹೋಗಿ ಪೇಚಿಗೆ ಸಿಕ್ಕಿದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ಪುಟ್ಟ ಪುಸ್ತಕದಲ್ಲಿ ಚೌಕ ಹಾಕಿ, ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದ. ಒಂದು ಸುತ್ತು ಮುಗಿದರೆ ಚುಕ್ಕೆ ಅಳಿಸಿ ಮತ್ತೆ ಶುರು. ಅಳಿಸಿ ಅಳಿಸಿ ಕಾಗದದಲ್ಲಿ ತೂತು ಬಿದ್ದವು, ಕೊನೆಗೆ ದಂತದ ಹಾಳೆಗಳಿಗೆ ಬದಲಾಯಿಸಿಕೊಂಡೆ ಎಂದು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಓದಿ ನಕ್ಕೆ. ಮಳೆ ಪುಸ್ತಕದಲ್ಲಿ ಅಳಿಸುವ ಮಾತೇ ಇಲ್ಲ. ಕಳೆದ ವರ್ಷ ಆಗಸ್ಟಿನಲ್ಲಿ ಮಳೆ ಜಾಸ್ತಿ ಬಂದು ಮೆಣಸಿನ ಬಳ್ಳಿ ಸತ್ತವು ಅಂತ ಈ ವರ್ಷ ಕೂತು ಆ ಅಂಕಿ ತಿದ್ದುತ್ತೇವೆಯೇ? ಬಂದದ್ದು ಬಂತು. ಮಳೆಯನ್ನು ಬೈದು ಯಾರೂ ಷರಾ ಬರೆಯುವುದಿಲ್ಲ. ನನ್ನನ್ನೂ ನಾನು ಹಾಗೆ ಓದಿಕೊಳ್ಳಲು ಕಲಿಯಬೇಕಾಯಿತು. ಶುರುವಿನಲ್ಲಿ ಷರಾ ಬರೆದ ದಿನವೆಲ್ಲ ಮುಖ ಸಪ್ಪೆ ಮಾಡಿಕೊಂಡು ಓಡಾಡುತ್ತಿದ್ದೆ. ಆತ್ಮಾವಲೋಕನ ಎಂಬುದು ಆತ್ಮಕ್ಕೆ ಹೊಡೆದುಕೊಳ್ಳುವ ಕೋಲಾದರೆ ಒಂದು ತಿಂಗಳಲ್ಲಿ ಯಾರಾದರೂ ಪುಸ್ತಕ ಮುಚ್ಚಿಡುತ್ತಾರೆ.

ಇಲ್ಲಿಯವರೆಗೆ ಮಾತಾಡಿದ್ದೆಲ್ಲ ಜಗಲಿಯಲ್ಲಿ ಕುರ್ಚಿ ಇರುವವನ ಮಾತು ಎಂಬುದು ನನಗೆ ಗೊತ್ತು. ನಮ್ಮಲ್ಲಿ ಮೂವತ್ತು ವರ್ಷದಿಂದ ಕೆಲಸಕ್ಕೆ ಬರುವ ಒಬ್ಬಾಕೆ ಇದ್ದಾರೆ. ನಸುಕಿಗೆ ಎದ್ದು, ಮನೆಯವರಿಗೆ ಬೇಯಿಸಿ, ಬುತ್ತಿ ಕಟ್ಟಿ, ಎಂಟಕ್ಕೆ ಹಾಜರಿ. ಸಂಜೆ ಹೋಗುವಾಗ ತಲೆಯ ಮೇಲೆ ಒಂದು ಹೊರೆ ಸೌದೆ. ಮತ್ತೆ ಒಲೆ. ಒಂದು ದಿನ ಕೊಯ್ಲಿನ ಹಣ್ಣು ಅಳೆಯುವಾಗ ಕೇಳಿದೆ, "ಅಲ್ಲ ಮಾರಾಯ್ತಿ, ನಿಂಗೆ ನಿನ್ನ ಬಗ್ಗೆ ಯೋಚ್ನೆ ಮಾಡೋಕೆ ಹೊತ್ತು ಸಿಗುತ್ತಾ?" ಕೇಳಿದ ಮೇಲೆ ನಾಚಿಕೆಯಾಯಿತು, ಎಂಥ ಪ್ರಶ್ನೆ ಎಂದು. ಆಕೆ ಚೀಲದ ಬಾಯಿ ಕಟ್ಟುತ್ತಾ ಹೇಳಿದ್ದು ಇಷ್ಟು: "ನಿಮ್ಗೆ ಕೂತ್ರೆ ಯೋಚ್ನೆ ಬರುತ್ತೆ ಸಾವ್ಕಾರ್ರೆ. ನಮ್ಗೆ ನಡುದ್ರೆ ಬರುತ್ತೆ."

ಮನೆಗೆ ಆಕೆಯ ನಡಿಗೆ ಮುಕ್ಕಾಲು ಗಂಟೆ. ಮುಂದೆ ಹಿಂದೆ ನಾಲ್ಕು ಜನ ಇದ್ದರೂ ಏರು ಹತ್ತುವಾಗ ಯಾರೂ ಮಾತಾಡುವುದಿಲ್ಲವಂತೆ. ಮಗಳನ್ನು ಓದು ಬಿಡಿಸಿ ಕೆಲಸಕ್ಕೆ ಕರೆತರುವುದು ಬೇಡ ಎಂದು ತೀರ್ಮಾನಿಸಿದ್ದು ಆ ಏರಿನಲ್ಲೇ ಅಂತೆ. ಆಕೆಗೆ ನನ್ನ ಪುಸ್ತಕ ಬೇಕಿಲ್ಲ. ಆಕೆಯ ಹೊತ್ತನ್ನು ನಾನು ಕಿತ್ತುಕೊಳ್ಳದಿದ್ದರೆ ಸಾಕು. ಕೊಯ್ಲಿನ ಗಡಿಬಿಡಿಯಲ್ಲಿ ಆಳುಗಳನ್ನು ಪಿಕಪ್ಪಿನಲ್ಲಿ ತುಂಬಿ ಬೇಗ ಬಿಟ್ಟುಬಂದರೆ ಬೆಳಿಗ್ಗೆ ಬೇಗ ಕರೆತರಬಹುದು ಎಂದು ಒಂದು ಕಾಲಕ್ಕೆ ನಾನು ಲೆಕ್ಕ ಹಾಕಿದ್ದೆ. ಉಪಕಾರ ಎಂದೇ ಅಂದುಕೊಂಡಿದ್ದೆ. ಈಗಲೂ ಮಳೆ ಇದ್ದರೆ, ಮೈ ಹುಷಾರಿಲ್ಲದವರಿದ್ದರೆ ಗಾಡಿ ಹೋಗುತ್ತದೆ. ಉಳಿದ ದಿನ ಬೇಕಾ ಎಂದು ಕೇಳುತ್ತೇನೆ. ಕೆಲವರು ಹತ್ತುತ್ತಾರೆ, ಆಕೆ ಹತ್ತುವುದಿಲ್ಲ. ಮನೆಯೊಳಗೂ ಹೀಗೇ. ಹೆಂಡತಿ ಸಂಜೆ ಅಕ್ಕಿ ಆರಿಸುತ್ತಾ ಕೂತಿದ್ದಾಗ, ಈಗಿನ ಅಕ್ಕಿಯಲ್ಲಿ ಕಲ್ಲೆಲ್ಲಿದೆ, ಯಾಕೆ ಕಣ್ಣು ಹಾಳು ಮಾಡಿಕೊಳ್ಳುತ್ತೀಯ ಅನ್ನುತ್ತಿದ್ದೆ. ಅವಳಿಗೂ ಗೊತ್ತು ಕಲ್ಲಿಲ್ಲ ಎಂದು. ನಾನು ಸುಮ್ಮನಾದದ್ದು ಇತ್ತೀಚೆಗೆ.

ಎಲ್ಲ ದಿನವೂ ನೋಡಿಕೊಳ್ಳುವ ದಿನವಲ್ಲ ಎಂಬುದೂ ಪುಸ್ತಕದಲ್ಲಿದೆ. 2019ರ ಆಗಸ್ಟಿನ ಎರಡನೇ ವಾರ. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜರಿದು ಮಲೆಮನೆ, ಮಧುಗುಂಡಿಯಲ್ಲಿ ಮನೆ, ತೋಟ, ಗದ್ದೆ ಕೊಚ್ಚಿಹೋದ ವಾರ ಅದು. ಬಾಟಲಿ ತುಂಬಿ ನೀರು ಹೊರಗಿನ ಡಬ್ಬಕ್ಕೆ ಚೆಲ್ಲುತ್ತಿತ್ತು, ದಿನಕ್ಕೆ ಮೂರು ಸಲ ಅಳೆದೆ. ಆ ವಾರ ಷರಾ ಕಾಲಮಿನಲ್ಲಿ ಒಂದಕ್ಷರವಿಲ್ಲ. ಯಾರ ಮನೆಯವರು ಎಲ್ಲಿದ್ದಾರೆ, ದಾರಿ ಇದೆಯೇ, ಹಾಲು ಯಾರಿಗೆ ಬೇಕು, ಇಷ್ಟೇ ಯೋಚನೆ. ಅಂಥ ಹೊತ್ತಲ್ಲಿ ಕೂತು ತನ್ನ ಮನಸ್ಸು ಅಳೆಯುವವನನ್ನು ನಾನೂ ಸೋಮಾರಿ ಅನ್ನುತ್ತೇನೆ.

ಅಪ್ಪಯ್ಯನ ಷರಾ ಕಾಲಂ ಹೆಚ್ಚಾಗಿ ಖಾಲಿ ಎಂದೆನಲ್ಲ. ಪೂರ್ತಿ ಖಾಲಿ ಅಲ್ಲ. ಅವರು ಹೋಗಿ ಕೆಲವು ವರ್ಷಗಳಾದ ಮೇಲೆ, ಹಳೇ ಜುಲೈ ತಿಂಗಳ ಮಳೆಗಳನ್ನು ಹೋಲಿಸಲು ಕಪಾಟಿನಿಂದ ಹಿಂದಿನ ಪುಸ್ತಕಗಳನ್ನು ತೆಗೆದೆ. 1996ರ ಜುಲೈ. ಕೆಳಗಿನ ಪಟ್ಟೆಯ ಅರೇಬಿಕಾ ಕಿತ್ತು ರೊಬಸ್ಟಾ ಹಾಕೋಣ ಎಂದು ನಾನು ಹಟ ಹಿಡಿದ ವರ್ಷ. ಒಂದು ಬೆಳಿಗ್ಗೆ ಹಾಜರಿಯ ಹೊತ್ತಿನಲ್ಲಿ, ಎಲ್ಲ ಆಳುಗಳ ಎದುರಿಗೆ, "ನಿಂಗೆ ತೋಟ ಅಲ್ಲ, ಪೇಟೇಲಿ ಒಂದು ಅಂಗಡಿ ಇಟ್ಟುಕೊಡಬೇಕಿತ್ತು" ಅಂದಿದ್ದರು. ನಾನು ಅವತ್ತೇ ಬಟ್ಟೆ ಕಟ್ಟಿಕೊಂಡು ಮಾವನ ಮನೆಗೆ ಹೋದೆ. ಎಂಟು ತಿಂಗಳು ಮಾತಿರಲಿಲ್ಲ. ಆಮೇಲೆ ಅಮ್ಮ ನಡುವೆ ನಿಂತು ಮತ್ತೆ ಕೂಡಿಸಿದರು. ಆದರೆ ಆ ಮಾತು ನನ್ನೊಳಗೆ ಮುಳ್ಳಾಗಿ ಉಳಿದಿತ್ತು.

ಆ ತಾರೀಕಿನ ಮರುದಿನದ ಸಾಲಿನಲ್ಲಿ ಅಪ್ಪಯ್ಯನ ಗುಂಡು ಅಕ್ಷರ: "1-65. ಆಳುಗಳ ಎದುರಿಗೆ ಅಂದದ್ದು ತಪ್ಪು."

ಬಹಳ ಹೊತ್ತು ಅಲ್ಲೇ ಕೂತಿದ್ದೆ. ಮೊದಲು ಅಳು ಬಂತು, ಆಮೇಲೆ ಸಿಟ್ಟು. ಗೊತ್ತಿತ್ತಲ್ಲ ಇವರಿಗೆ, ಮರುದಿನವೇ ಗೊತ್ತಿತ್ತಲ್ಲ! ಅಳೆದು, ಓದಿ, ತಪ್ಪಿಲ್ಲದಂತೆ ಬರೆದು, ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟರು. ನನ್ನವರೆಗೆ ಬರಲಿಲ್ಲ. ಅವರ ಕಾಲದ ಅಪ್ಪಂದಿರು ಮಗನ ಹತ್ತಿರ ಹಾಗೆ ಹೇಳುವವರಲ್ಲ, ನಿಜ. ಅವರನ್ನು ದೂರುತ್ತಿಲ್ಲ. ಆದರೆ ತನ್ನನ್ನು ತಾನು ನೋಡಿಕೊಳ್ಳುವ ಕೆಲಸ ಪುಸ್ತಕದಲ್ಲೇ ಮುಗಿಯುತ್ತದೆ ಎಂದುಕೊಂಡಿದ್ದ ನನಗೆ ಅವತ್ತು ಅನುಮಾನ ಶುರುವಾಯಿತು. ನನ್ನ ಹದಿನೇಳು "ರೇಗಿದೆ"ಗಳಲ್ಲಿ ಎಷ್ಟು ಜನಕ್ಕೆ ಹೋಗಿ ಹೇಳಿದ್ದೆ? ಬಟವಾಡೆಯ ಆ ಹುಡುಗ ಆಗಲೇ ಕೆಲಸ ಬಿಟ್ಟು ಹೋಗಿದ್ದ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಆಮೇಲಿಂದ ಷರಾದ ಪಕ್ಕದಲ್ಲಿ ಒಂದು ಸಣ್ಣ ಗೀಟು ಹಾಕುವ ಅಭ್ಯಾಸ ಮಾಡಿಕೊಂಡೆ. ಹೇಳಬೇಕಾದವರಿಗೆ ಹೇಳಿದ ದಿನ ಆ ಗೀಟು. ಎಲ್ಲದಕ್ಕೂ ಗೀಟು ಬಿದ್ದಿಲ್ಲ. ಬಿದ್ದದ್ದಕ್ಕಿಂತ ಬೀಳದ್ದೇ ಹೆಚ್ಚು. ಹೆಂಡತಿಗೆ ಸಂಬಂಧಪಟ್ಟವು ಹಲವು ವರ್ಷಗಳಿಂದ ಬಾಕಿ ಇವೆ. ಈ ಭಾಷಣವನ್ನು ಅವಳು ಒಲೆಯ ಮುಂದೆ ಕೂತು ಕೇಳುತ್ತಾಳಾದ್ದರಿಂದ ಒಂದೆರಡಕ್ಕೆ ಅವತ್ತು ಗೀಟು ಹಾಕಬಹುದೇನೋ.

ಇನ್ನೊಂದು ಬಾಕಿ ಇದೆ. ನಿನ್ನೆ ಮೆಣಸಿಗೆ ಔಷಧಿ ಹೊಡೆಸುತ್ತಿದ್ದೆವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡುವುದು ವಾಡಿಕೆ. ಕತ್ತಿ ಕೆಂಪಗೆ ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಸಾಲದು ಎಂದು ಅರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಕತ್ತಿ ಕೆಂಪಾಯಿತು. "ಕಣ್ಣು ಮುಚ್ಕೊಂಡು ತೂಕ ಹಾಕ್ತೀರಾ ರೈಟ್ರೆ?" ಎಂದುಬಿಟ್ಟೆ, ಡ್ರಮ್ಮಿನ ಸುತ್ತ ಆರು ಜನ ನಿಂತಿದ್ದರು. ಅವರು ಏನೂ ಅನ್ನಲಿಲ್ಲ, ಇನ್ನಷ್ಟು ಸುಣ್ಣ ಹಾಕಿ ಕಲಸಿದರು. ಸಂಜೆ ಗೋಡೌನಿಗೆ ಹೋಗಿ ನೋಡಿದರೆ ಹಂಚು ಸರಿದ ಜಾಗದ ಕೆಳಗೇ ಸುಣ್ಣದ ಚೀಲ ಇತ್ತು. ಥಂಡಿ ಹಿಡಿದು ಸತ್ವ ಹೋದ ಸುಣ್ಣ. ತೂಕ ಸರಿಯಾಗೇ ಇತ್ತು. ಚೀಲವನ್ನು ಅಲ್ಲಿ ಇಳಿಸಿದವನು ನಾನು.

ಇವತ್ತು ಬೆಳಿಗ್ಗೆ ಇಲ್ಲಿಗೆ ಹೊರಡುವ ಮುಂಚೆ ಮಳೆ ಅಳೆದೆ. 0-35. ಷರಾದಲ್ಲಿ "ಸುಣ್ಣದ ಮಾತು" ಎಂದು ಬರೆದಿದ್ದೇನೆ. ಈ ಧ್ವನಿಮುದ್ರಣ ಮುಗಿಸಿ, ಸಿಕ್ಕ ಬಸ್ಸು ಹತ್ತಿ, ಕೊಟ್ಟಿಗೆಹಾರದಲ್ಲಿ ಇಳಿದು ಜೀಪು ಹಿಡಿದರೆ ನಾಲ್ಕೂವರೆಯೊಳಗೆ ತೋಟ ಮುಟ್ಟಬಹುದು. ಔಷಧಿ ಹೊಡೆಯುವವರು ಆ ಹೊತ್ತಿಗೆ ಹಳ್ಳದ ಹತ್ತಿರ ಡ್ರಮ್ಮು ತೊಳೆಯುತ್ತಿರುತ್ತಾರೆ. ಆರೂ ಜನ ಅಲ್ಲೇ ಇರುತ್ತಾರೆ, ರೈಟರೂ ಇರುತ್ತಾರೆ.